ಹೆಗಲ ಮೇಲೆ ಕೋವಿ, ಎದುರಿಗೆ ಪೊಲೀಸ್: ಬೀದಿಗಿಳಿಯಬೇಕೇ, ಕೂತು ಮಾತಾಡಬೇಕೇ?

ಚುನಾವಣೆಯ ದಿನಾಂಕ ಘೋಷಣೆಯಾಗಿ ವಾರ ಕಳೆಯುವಷ್ಟರಲ್ಲಿ ಕಾಡಂಚಿನ ಪೊಲೀಸ್ ಠಾಣೆಗಳಿಗೆ ಉದ್ದನೆಯ ಗಂಟು ಹಿಡಿದವರು ಬರತೊಡಗುತ್ತಾರೆ. ಹಳೇ ಪಂಚೆಯಲ್ಲೋ ರಸಗೊಬ್ಬರದ ಚೀಲದಲ್ಲೋ ಸುತ್ತಿ, ಎರಡು ಕಡೆ ಸಣಬಿನ ಹುರಿ ಬಿಗಿದ ಗಂಟು. ಬಸ್ಸಿನಲ್ಲಿ ಕಂಡಕ್ಟರ್ ಅನುಮಾನದಿಂದ ನೋಡಿರುತ್ತಾನೆ. ಒಳಗಿರುವುದು ಒಂಟಿ ನಳಿಗೆಯ ಬಂದೂಕು. ಕೆಲವರದು ಅಪ್ಪನ ಕಾಲದ್ದು. ಹಿಡಿಯ ಮರ ಕೈಯಾಡಿ ಆಡಿ ಎಣ್ಣೆಗಪ್ಪಾಗಿರುತ್ತದೆ.

ಠಾಣೆಯೊಳಗೆ ರೈಟರ್ ಮೇಜಿನ ಮುಂದೆ ಗಂಟು ಬಿಚ್ಚಬೇಕು. ಲೈಸೆನ್ಸ್ ಪುಸ್ತಕದ ನಂಬರಿಗೂ ನಳಿಗೆಯ ಮೇಲೆ ಕೊರೆದ ನಂಬರಿಗೂ ತಾಳೆಯಾಗಬೇಕು. ಆಮೇಲೆ ಬಂದೂಕಿಗೊಂದು ರಟ್ಟಿನ ಚೀಟಿ, ರಿಜಿಸ್ಟರಿನಲ್ಲಿ ಒಂದು ಸಾಲು, ರೈತನ ಕೈಗೊಂದು ರಸೀತಿ.

‘ಹಂದಿ ಬತ್ತವೆ ಸ್ವಾಮಿ, ಎಲೆಕ್ಸನ್ ಮುಗಿಯೋಗಂಟ ನಾನೇನ್ ಮಾಡ್ಲಿ?’

‘ನನ್ನೇನ್ ಕೇಳ್ತೀಯಪ್ಪ, ಮೇಲಿನ ಆರ್ಡರ್ರು. ರಸೀತಿ ಇಸ್ಕೊ, ಜೋಪಾನವಾಗಿ ಇಟ್ಕೊ.’

ಹೆಚ್ಚು ಕಡಿಮೆ ಇದೇ ಮಾತುಕತೆ ಪ್ರತಿ ಚುನಾವಣೆಯಲ್ಲೂ ನಡೆಯುತ್ತದೆ. ಒಬ್ಬ ಕೇಳುತ್ತಾನೆ, ಇನ್ನೊಬ್ಬ ಮೇಲೆ ಕೈ ತೋರಿಸುತ್ತಾನೆ. ಲೈಸೆನ್ಸ್ ಇರುವ, ಯಾವ ಕೇಸೂ ಇಲ್ಲದ ಮನುಷ್ಯ ಕೋವಿ ಹಿಡಿದದ್ದೇ ತಪ್ಪೆಂಬಂತೆ ನಿಲ್ಲಬೇಕೇ? ನಿಲ್ಲಬಾರದು ಎಂದಾದರೆ ಅದನ್ನು ಹೇಳುವುದು ಹೇಗೆ: ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತೋ, ಜಿಲ್ಲಾಧಿಕಾರಿ ಎದುರು ಕುರ್ಚಿ ಎಳೆದು ಕೂತೋ? ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಈ ಪ್ರಶ್ನೆಗೆ ಬೇರೆಡೆ ಇಲ್ಲದ ತೂಕವಿದೆ.

ಕೋವಿ ಯಾರಿಗೆ, ಯಾತಕ್ಕೆ

ನಕ್ಷೆ ತೆರೆದರೆ ಅರ್ಧ ವಿಷಯ ಅಲ್ಲೇ ಇದೆ. ಯಳಂದೂರಿನ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶ. ಹನೂರಿನ ದಕ್ಷಿಣಕ್ಕೂ ಪೂರ್ವಕ್ಕೂ ಮಲೆ ಮಹದೇಶ್ವರ ವನ್ಯಜೀವಿಧಾಮ, ಅದಕ್ಕೆ ಅಂಟಿಕೊಂಡೇ ಕಾವೇರಿ ವನ್ಯಜೀವಿಧಾಮ. ಲೊಕ್ಕನಹಳ್ಳಿ, ಒಡೆಯರಪಾಳ್ಯ, ರಾಮಾಪುರ, ಮಾರ್ಟಳ್ಳಿ ಕಡೆ ಹೊಲದ ಬದು ಮುಗಿದಲ್ಲಿ ಕಾಡು ಶುರು. ಜೋಳ, ಕಬ್ಬು, ಬಾಳೆ, ಗೆಣಸು, ರಾಗಿ ಯಾವುದನ್ನು ಹಾಕಿದರೂ ತಿನ್ನುವವರು ಎರಡು ಕಡೆಯಿಂದ ಬರುತ್ತಾರೆ. ಆನೆಗೆ ಕಂದಕ, ಸೋಲಾರ್ ಬೇಲಿ, ರೈಲ್ವೆ ಕಂಬಿಯ ತಡೆಗೋಡೆ ಎಂದು ಏನಾದರೂ ಉಂಟು. ಕಾಡುಹಂದಿಗೆ ಕಾವಲೊಂದೇ. ರಾತ್ರಿ ಅಟ್ಟಣೆ ಹತ್ತಿ ಕೂತು, ತಗಡು ಬಡಿದು, ಪಟಾಕಿ ಹೊಡೆದು, ಅದಕ್ಕೂ ಜಗ್ಗದಿದ್ದರೆ ಆಕಾಶಕ್ಕೊಂದು ಗುಂಡು.

1959ರ ಶಸ್ತ್ರಾಸ್ತ್ರ ಕಾಯ್ದೆ ಈ ರೈತನನ್ನು ಮರೆತಿಲ್ಲ. ನಿಜವಾಗಿ ಬೆಳೆ ರಕ್ಷಣೆಗೆ ಬೇಕೆನ್ನುವವನಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಬೇಕು, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ಬಂದೂಕಿಗೂ ಕೊಡಬಹುದು ಎಂದು 13ನೇ ಸೆಕ್ಷನ್ ಹೇಳುತ್ತದೆ. ಅರ್ಜಿಯ ಜೊತೆ ಪಹಣಿ, ಪೊಲೀಸ್ ವರದಿ, ಜಿಲ್ಲಾಧಿಕಾರಿಯ ಸಹಿ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೇರಿತು, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕಿಳಿಯಿತು.

ಇನ್ನೊಂದು ಕಾನೂನನ್ನು ರೈತರು ಅರ್ಧ ಮಾತ್ರ ಬಲ್ಲರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದ 10 ಕಿಲೋಮೀಟರ್ ಸುತ್ತಳತೆಯಲ್ಲಿರುವ ಪ್ರತಿಯೊಬ್ಬ ಲೈಸೆನ್ಸುದಾರನೂ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ಸುತ್ತಳತೆಯಲ್ಲಿ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಅನುಮತಿಯಿಲ್ಲದೆ ಆಯುಧ ಹಿಡಿದು ವನ್ಯಜೀವಿಧಾಮದೊಳಗೆ ಕಾಲಿಡುವಂತಿಲ್ಲ. ಹತ್ತು ಕಿಲೋಮೀಟರ್ ಗೆರೆ ಎಳೆದರೆ ಈ ಕಾಡಂಚಿನಲ್ಲಿ ಹೊರಗುಳಿಯುವ ಊರು ಕೈಬೆರಳೆಣಿಕೆಯಷ್ಟೇ ಇರಬೇಕು. ಅಂದರೆ ಇಲ್ಲಿನ ಕೋವಿಗೆ ಇಬ್ಬರು ಯಜಮಾನರು: ಖಾಕಿ ಪೊಲೀಸರೊಬ್ಬರು, ಖಾಕಿ ಅರಣ್ಯದವರೊಬ್ಬರು. ಹಿಡಿದವನಿಗೆ ಕತ್ತಲಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ. ಅವರಿಗೂ ಹಾಗೆಯೇ. ಲೈಸೆನ್ಸ್ ಕೋವಿ ಯಾವುದು, ಕಳ್ಳಬೇಟೆಯ ನಾಡಬಂದೂಕು ಯಾವುದು ಎಂದು ಟಾರ್ಚ್ ಬೆಳಕಿನಲ್ಲಿ ಹೇಳಲಾಗುವುದಿಲ್ಲ.

ಈ ಗೊಂದಲ ಜೀವ ತೆಗೆಯುವ ಮಟ್ಟಕ್ಕೂ ಹೋಗಬಲ್ಲದು. 2023ರ ಫೆಬ್ರುವರಿಯಲ್ಲಿ ಪಾಲಾರ್ ಬಳಿ ಕರ್ನಾಟಕದ ಅರಣ್ಯ ಸಿಬ್ಬಂದಿಗೂ ನದಿಯಾಚೆಯಿಂದ ಬಂದವರಿಗೂ ಮುಖಾಮುಖಿಯಾಯಿತು. ಬೇಟೆಗಾರರೇ ಮೊದಲು ಗುಂಡು ಹಾರಿಸಿದರು ಎಂದು ಇಲಾಖೆ ಹೇಳಿತು, ಆಚೆಯವರು ಅದನ್ನು ಒಪ್ಪಲಿಲ್ಲ. ಕೆಲವು ದಿನಗಳ ನಂತರ ತಮಿಳುನಾಡಿನ ಒಬ್ಬನ ಶವ ಹೊಳೆಯಲ್ಲಿ ತೇಲಿತು. ಗಡಿಯಲ್ಲಿ ಬಸ್ಸು ನಿಂತಿತು.

ಎಲ್ಲರಿಗೂ ಕಾಣುವಂತೆ ಒಯ್ಯಬಹುದೇ?

ಲೈಸೆನ್ಸ್ ಇದ್ದ ಮೇಲೆ ಹೆಗಲಿಗೇರಿಸಿ ಸಂತೆಗೆ ಹೋದರೂ ಕೇಳುವವರಿಲ್ಲ ಎಂದು ಕೆಲವರ ನಂಬಿಕೆ. ತಪ್ಪು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಬಂದೂಕನ್ನು ಅದಕ್ಕೆ ತಕ್ಕ ಚೀಲದಲ್ಲಿಟ್ಟು, ಪೂರ್ತಿ ಮುಚ್ಚಿ, ತನ್ನ ಹತೋಟಿಯಲ್ಲೇ ಒಯ್ಯಬೇಕು. ಮದುವೆ, ಜಾತ್ರೆ, ಸಭೆಗಳಲ್ಲಿ ಬೀಸುವುದು, ಹಾರಿಸುವುದು ಕಂಡರೆ ಲೈಸೆನ್ಸೇ ಹೋಗಬಹುದು. ರಸಗೊಬ್ಬರದ ಚೀಲ ಸುತ್ತಿಕೊಂಡು ಬರುವ ರೈತ, ತನಗೇ ಗೊತ್ತಿಲ್ಲದೆ, ನಿಯಮದ ಆಶಯಕ್ಕೆ ಹತ್ತಿರವೇ ಇದ್ದಾನೆ.

ಪೊಲೀಸರ ಅಧಿಕಾರಕ್ಕೂ ಅಳತೆ ಉಂಟು. ಬಂದೂಕು ಹಿಡಿದವನನ್ನು ನಿಲ್ಲಿಸಿ ಲೈಸೆನ್ಸ್ ತೋರಿಸು ಎನ್ನಲು 19ನೇ ಸೆಕ್ಷನ್ ಯಾವುದೇ ಪೊಲೀಸ್ ಅಧಿಕಾರಿಗೆ ಅಧಿಕಾರ ಕೊಡುತ್ತದೆ. ತೋರಿಸದಿದ್ದರೆ ಹೆಸರು, ವಿಳಾಸ ಕೇಳಬಹುದು, ಅಗತ್ಯ ಕಂಡರೆ ಆಯುಧ ವಶಕ್ಕೆ ಪಡೆಯಬಹುದು. ಹೆಸರು ಹೇಳಲೂ ಒಪ್ಪದಿದ್ದರೆ, ಸುಳ್ಳು ಹೇಳಿದನೆಂದೋ ಪರಾರಿಯಾಗುತ್ತಾನೆಂದೋ ಅನುಮಾನ ಬಂದರೆ ಬಂಧನ. ಬೈಯಲು, ಕೈ ಮಾಡಲು, ಅರ್ಧ ದಿನ ಬೆಂಚಿನ ಮೇಲೆ ಕೂರಿಸಲು ಈ ಸೆಕ್ಷನ್ನಿನಲ್ಲಿ ಜಾಗವಿಲ್ಲ. ಲೈಸೆನ್ಸ್ ಅಮಾನತು ಮಾಡುವುದಾದರೆ ಅದು ಲೈಸೆನ್ಸ್ ಕೊಟ್ಟ ಅಧಿಕಾರಿಯ ಕೆಲಸ. ಅವರೂ ಕಾರಣವನ್ನು ಬರೆದಿಡಬೇಕು, ಕೇಳಿದರೆ ಅದರ ಸಾರ ಕೊಡಬೇಕು. ಸಾರ್ವಜನಿಕ ಹಿತದ ದೃಷ್ಟಿಯಿಂದ ಕೊಡಲಾಗದು ಎನಿಸಿದಾಗ ಮಾತ್ರ ಇದಕ್ಕೆ ವಿನಾಯಿತಿ. ಆ ಆದೇಶದ ಮೇಲೆ ಮೇಲ್ಮನವಿಗೂ ದಾರಿಯಿದೆ. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಲೈಸೆನ್ಸ್ ಪುಸ್ತಕದೊಳಗಿಟ್ಟು ಕೊಟ್ಟಿದ್ದರೆ ಎಷ್ಟೋ ಜಗಳ ಹುಟ್ಟುತ್ತಲೇ ಇರಲಿಲ್ಲ.

ಈ ಸೀಮೆಯ ನೆನಪು

ಮಂಡ್ಯದ ಬಯಲಲ್ಲಿ ಕೋವಿ ಕಂಡ ಕಾನ್‌ಸ್ಟೆಬಲ್‌ಗೂ ರಾಮಾಪುರದಲ್ಲಿ ಕೋವಿ ಕಂಡ ಕಾನ್‌ಸ್ಟೆಬಲ್‌ಗೂ ಮನಸ್ಸಿನಲ್ಲಿ ಏಳುವುದು ಒಂದೇ ಅಲ್ಲ. 1992ರ ಮೇ ತಿಂಗಳಲ್ಲಿ ಕಾಡುಗಳ್ಳ ವೀರಪ್ಪನ್‌ನ ಗುಂಪು ರಾಮಾಪುರದ ಠಾಣೆಗೇ ನುಗ್ಗಿ ಐವರು ಪೊಲೀಸರನ್ನು ಕೊಂದು ಆಯುಧ ಹೊತ್ತೊಯ್ದಿತು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಹತ್ತಿರ ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಹೊಂಚಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಜನ ಸತ್ತರು. ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು 2002ರ ಆಗಸ್ಟ್‌ನಲ್ಲಿ ಕಾಮಗೆರೆಯ ಮನೆಯಿಂದಲೇ ಎಳೆದೊಯ್ದರು. ಡಿಸೆಂಬರ್‌ನಲ್ಲಿ ಸಿಕ್ಕಿದ್ದು ಶವ.

ಮಾತಿನ ದಾರಿ ಹಿಡಿದವರೂ ಇದ್ದರು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ವೀರಪ್ಪನ್‌ನ ಹುಟ್ಟೂರು ಗೋಪಿನಾಥಂನಲ್ಲೇ ಬಿಡಾರ ಹೂಡಿದರು. ಊರವರಿಗೆ ಔಷಧಿ ಕೊಟ್ಟರು, ಮಾರಿಯಮ್ಮನ ಗುಡಿ ಕಟ್ಟಿಸಿದರು, ಗುಂಪಿನ ಜೊತೆ ಓಡಾಡುತ್ತಿದ್ದ ಹಲವರನ್ನು ಮಾತಾಡಿಸಿ ಶರಣಾಗಿಸಿದರು. ಶರಣಾಗುತ್ತೇನೆಂದು ಹೇಳಿ ಕಳಿಸಿದ ವೀರಪ್ಪನ್ 1991ರ ನವೆಂಬರ್ 10ರಂದು, ಬರಿಗೈಲಿ ಬಂದ ಅವರನ್ನು ಕೊಂದ. ಕೀರ್ತಿಚಕ್ರ ಮರಣೋತ್ತರವಾಗಿ ಬಂತು. ಮಾತುಕತೆ ನಂಬಿದರೆ ಹೀಗೇ ಆಗುವುದು ಎಂದು ಈ ಕಥೆಯನ್ನು ಎಷ್ಟೋ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಶ್ರೀನಿವಾಸ್ ಸೋತದ್ದು ಒಬ್ಬ ಕೊಲೆಗಾರನ ಮುಂದೆ. ಊರಿನ ಮುಂದೆ ಅವರು ಗೆದ್ದಿದ್ದರು. ಗೋಪಿನಾಥಂನಲ್ಲಿ ಅವರ ಹೆಸರು ಹೇಳಿದರೆ ಇಂದಿಗೂ ಹಳಬರು ಕೈ ಮುಗಿಯುತ್ತಾರೆ.

ಸರ್ಕಾರ ಯಾರ ಜೊತೆ ಮಾತಾಡಿತು?

ಶ್ರೀನಿವಾಸ್ ನಂತರ ಊರಿಗೆ ಬಂದದ್ದು ಮಾತಲ್ಲ, ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆ. ವೀರಪ್ಪನ್‌ಗೆ ಅಕ್ಕಿ ಕೊಟ್ಟರೆಂದು, ದಾರಿ ತೋರಿಸಿದರೆಂದು ಹಿಡಿದೊಯ್ದವರನ್ನು ಮಹದೇಶ್ವರ ಬೆಟ್ಟದ ‘ವರ್ಕ್‌ಶಾಪ್’ನಲ್ಲಿ ಚಿತ್ರಹಿಂಸೆಗೆ ಗುರಿಮಾಡಿದರು ಎಂಬ ದೂರುಗಳು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದವರೆಗೆ ಹೋದವು. 1999ರಲ್ಲಿ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. ಸಮಿತಿ ಈ ಭಾಗಕ್ಕೇ ಬಂದು ಹೆಂಗಸರು, ಗಂಡಸರು ಹೇಳಿದ್ದನ್ನು ಬರೆದುಕೊಂಡಿತು. ಕೊನೆಗೆ 2007ರ ಜನವರಿಯಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಎಂದು ಆಯೋಗ ಹೇಳಿತು. ಅಷ್ಟರಲ್ಲಿ ವೀರಪ್ಪನ್ ಸತ್ತು ಎರಡು ವರ್ಷ ದಾಟಿತ್ತು.

ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಮೈಸೂರು ಜೈಲು ಸೇರಿದವರ ಕಥೆ ಇನ್ನೂ ಕಹಿ. 2001ರಲ್ಲಿ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಬಹುಪಾಲು ಜನ ನಿರ್ದೋಷಿಗಳೆಂದು ಹೊರಬಂದರು. ಆ ವೇಳೆಗೆ ಅವರಲ್ಲಿ ಕೆಲವರು ಎಂಟು ವರ್ಷ ಒಳಗೆ ಕಳೆದಿದ್ದರು.

ಅದರ ಹಿಂದಿನ ವರ್ಷವೇ ಗಾಜನೂರಿನಿಂದ ನಟ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ್ದ. 2000ದ ಜುಲೈ 30ರಿಂದ ನವೆಂಬರ್ 15ರವರೆಗೆ 108 ದಿನ ಎರಡು ಸರ್ಕಾರಗಳು ಕಾಡಿಗೆ ದೂತರನ್ನು ಕಳಿಸಿ ಮಾತುಕತೆ ನಡೆಸಿದವು. ವೀರಪ್ಪನ್ ಕೇಳಿದ್ದರಲ್ಲಿ ಈ ಟಾಡಾ ಕೈದಿಗಳ ಬಿಡುಗಡೆಯೂ ಒಂದು. ಸರ್ಕಾರ ಒಪ್ಪಿತ್ತು. ಹುತಾತ್ಮ ಶಕೀಲ್ ಅಹ್ಮದ್ ಅವರ ತಂದೆ ಸುಪ್ರೀಂ ಕೋರ್ಟ್‌ಗೆ ಹೋದರು, ಕೋರ್ಟ್ ತಡೆಯಿತು. ಕೋರ್ಟ್ ಮಾಡಿದ್ದು ಸರಿ. ಆದರೆ ಇದನ್ನೆಲ್ಲ ಮಾರ್ಟಳ್ಳಿಯಲ್ಲೋ ಗೋಪಿನಾಥಂನಲ್ಲೋ ಕೂತು ನೋಡಿದವನಿಗೆ ಹೊಳೆದದ್ದೇನು? ಅಕ್ರಮ ಕೋವಿ ಹಿಡಿದವನ ಜೊತೆ ಸರ್ಕಾರ ಮೂರೂವರೆ ತಿಂಗಳು ಮಾತಾಡುತ್ತದೆ, ಬರಿಗೈಲಿ ಇದ್ದವನ ಮಾತು ಕೇಳಿಸಿಕೊಳ್ಳಲು ಎಂಟು ವರ್ಷ ಬೇಕಾಗುತ್ತದೆ. ಪೊಲೀಸ್ ಅಂದರೆ ಈ ಭಾಗದ ಹಳಬರು ಇವತ್ತಿಗೂ ದನಿ ತಗ್ಗಿಸುವುದು, ಠಾಣೆಯವರು ಕೋವಿ ಕಂಡರೆ ಇವತ್ತಿಗೂ ಬೆನ್ನು ನೆಟ್ಟಗೆ ಮಾಡುವುದು, ಎರಡೂ ಆ ವರ್ಷಗಳ ಬಾಕಿ.

ಠೇವಣಿಯ ನಿಯಮ ಹೇಳುವುದೇ ಬೇರೆ

ಈಗ ಠಾಣೆಯ ಮುಂದಿನ ಗಂಟುಗಳಿಗೆ ಬರೋಣ. ಎಲ್ಲರೂ ಬಂದೂಕು ತಂದಿಡಲೇಬೇಕು ಎಂದು ಚುನಾವಣಾ ಆಯೋಗ ಹೇಳಿದೆ ಎಂಬುದು ಜನರ ಗ್ರಹಿಕೆ. ಎಷ್ಟೋ ಪೊಲೀಸರ ಗ್ರಹಿಕೆಯೂ ಅದೇ. ಆಯೋಗದ ಸೂಚನೆ ಬೇರೆ ಇದೆ. ಜಿಲ್ಲಾಧಿಕಾರಿ, ಎಸ್‌ಪಿ ಇರುವ ಪರಿಶೀಲನಾ ಸಮಿತಿ ಪ್ರತಿಯೊಬ್ಬ ಲೈಸೆನ್ಸುದಾರನನ್ನೂ ಬಿಡಿಯಾಗಿ ಪರಿಶೀಲಿಸಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣೆಯ ಗಲಭೆಯಲ್ಲಿ ಸಿಕ್ಕಿಬಿದ್ದವರು ಮುಖ್ಯ ಗುರಿ. ಅಂಥವರಿಗೆ ನೋಟಿಸ್ ಕೊಡಬೇಕು, ಬಂದೂಕು ಪಡೆದಾಗ ರಸೀತಿ ಕೊಡಬೇಕು, ಫಲಿತಾಂಶ ಬಂದು ವಾರವಾದೊಡನೆ ಹಿಂದಿರುಗಿಸಬೇಕು.

ನಡೆಯುವುದು ಹೆಚ್ಚಾಗಿ ಹೀಗಲ್ಲ. ಸಾವಿರಾರು ಲೈಸೆನ್ಸು, ಕೆಲವೇ ದಿನ, ಇಬ್ಬರು ಅಧಿಕಾರಿಗಳು. ಒಬ್ಬೊಬ್ಬರನ್ನೂ ಯಾರು ನೋಡುತ್ತಾರೆ? ಅನೇಕ ಜಿಲ್ಲೆಗಳಲ್ಲಿ ‘ಎಲ್ಲರೂ ಠೇವಣಿ ಇಡತಕ್ಕದ್ದು’ ಎಂಬ ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಆಡಳಿತಕ್ಕೆ ಅದು ಸಲೀಸು. ಒಂದು ಕಡೆ ಗುಂಡು ಹಾರಿದರೆ ಯಾರನ್ನು ಬಿಟ್ಟಿರಿ ಎಂಬ ಪ್ರಶ್ನೆ ಬರುತ್ತದೆ, ಎಲ್ಲರದೂ ಇಸಿದುಕೊಂಡರೆ ಯಾರೂ ಕೇಳುವುದಿಲ್ಲ. ಹಂದಿ ನುಗ್ಗಿದ ಹೊಲದ ಲೆಕ್ಕ ಎಸ್‌ಪಿ ಕಚೇರಿಯ ಕಡತಕ್ಕೆ ಬರುವುದಿಲ್ಲ. 2024ರ ಮಾರ್ಚ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಇಂಥ ಸಾರಾಸಗಟು ಒತ್ತಾಯ ಸಲ್ಲ, ಸಮಿತಿ ಕಾರಣ ಬರೆಯಬೇಕು ಎಂದಿತು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ಕೊಡಗು, ಮಲೆನಾಡಿನ ಬೆಳೆಗಾರರು ಪ್ರತಿ ಚುನಾವಣೆಯಲ್ಲೂ ವಿನಾಯಿತಿಗೆ ಮನವಿ ಕೊಡುತ್ತಲೇ ಇದ್ದಾರೆ.

ದಿನದ ಲೆಕ್ಕ ನೋಡಿ. 2024ರ ಲೋಕಸಭಾ ಚುನಾವಣೆಯಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು. ಚಾಮರಾಜನಗರದಲ್ಲಿ ಏಪ್ರಿಲ್ 26ಕ್ಕೇ ಮತದಾನ ಮುಗಿಯಿತು. ಎಣಿಕೆ ಜೂನ್ 4ಕ್ಕೆ. ಹೆಚ್ಚು ಕಡಿಮೆ 80 ದಿನ, ಮೇಲೊಂದು ವಾರ. ಅದು ಕಾಡಿನಲ್ಲಿ ನೀರು ಬತ್ತಿ ಪ್ರಾಣಿಗಳು ಪಂಪ್‌ಸೆಟ್ ತೋಟಕ್ಕೆ ಇಳಿಯುವ ಕಾಲ. ಲೋಕಸಭೆ ಆಯಿತೆಂದರೆ ಪಂಚಾಯಿತಿ, ಅದಾದರೆ ವಿಧಾನಸಭೆ.

ಕೊಡಗಿನ ದಾರಿ ಇಲ್ಲಿಗೆ ಒಗ್ಗದು

ಕೋವಿಯನ್ನು ಬಹಿರಂಗವಾಗಿ ಎತ್ತಿ ಹಿಡಿದೇ ಹಕ್ಕು ಉಳಿಸಿಕೊಂಡವರು ಕೊಡಗಿನವರು. 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಅದು. ಕೊಡವರೂ ಜಮ್ಮಾ ಹಿಡುವಳಿದಾರರೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ, ಮಗು ಹುಟ್ಟಿದರೆ ಗುಂಡು, ಸಾವಿಗೂ ಗುಂಡು. ಈ ವಿನಾಯಿತಿಯನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಿದಾಗ ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು, 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೊಡವ ನ್ಯಾಷನಲ್ ಕೌನ್ಸಿಲ್ ಡಿಸೆಂಬರ್‌ನಲ್ಲಿ ‘ತೋಕ್ ನಮ್ಮೆ’ ಎಂದು ಕೋವಿ ಹಬ್ಬ ಮಾಡಿ, ಸಿಖ್ಖರ ಕಿರ್ಪಾಣದಂತೆ ಇದಕ್ಕೂ ಸಂವಿಧಾನದ ರಕ್ಷಣೆ ಬೇಕೆಂದು ಕೇಳುತ್ತದೆ. ಅಲ್ಲಿ ಹಬ್ಬವೇ ಪ್ರತಿಭಟನೆ.

ಚುನಾವಣಾ ಆಯೋಗವೂ ಕಾನೂನು, ರೂಢಿ, ಸಂಪ್ರದಾಯದ ಬಲದಿಂದ ಆಯುಧ ಪ್ರದರ್ಶಿಸುವ ಸಮುದಾಯಗಳಿಗೆ ತನ್ನ ಸೂಚನೆಯಲ್ಲಿ ರಿಯಾಯಿತಿ ಇಟ್ಟಿದೆ. ಹನೂರಿನ ರೈತನಿಗೆ ಇಂಥ ಆಸರೆ ಇಲ್ಲ. ಅವನು ಲಿಂಗಾಯತನೋ, ಉಪ್ಪಾರನೋ, ನಾಯಕನೋ, ತಮಿಳು ಮಾತಾಡುವ ಕ್ರೈಸ್ತನೋ ಇರಬಹುದು. ಕೋವಿ ಅವನ ಕುಲದ ಗುರುತಲ್ಲ, ಕುಡುಗೋಲಿನ ಪಕ್ಕದಲ್ಲಿ ತೂಗುವ ಇನ್ನೊಂದು ಹತಾರ. ಅದಕ್ಕಾಗಿ ಹಾಡಿಲ್ಲ, ಸಂಘವಿಲ್ಲ, ಹಬ್ಬವಿಲ್ಲ. ಹಾಗಾಗಿ ಅವನು ಕೇಳಬೇಕಾದದ್ದು ಪರಂಪರೆಯ ಹೆಸರಿನಲ್ಲಲ್ಲ, ಬೆಳೆಯ ಹೆಸರಿನಲ್ಲಿ.

ಕೋವಿ ಹಿಡಿದೇ ಬೀದಿಗಿಳಿದವರು

ಅಮೆರಿಕದಲ್ಲಿ ಬಂದೂಕು ಸಂವಿಧಾನದಲ್ಲೇ ಹಕ್ಕಾಗಿರುವುದರಿಂದ ಅಲ್ಲಿನ ಜಗಳ ಬೇರೆ ತರಹದ್ದು. 1967ರ ಮೇ 2ರಂದು ಬ್ಲ್ಯಾಕ್ ಪ್ಯಾಂಥರ್ಸ್ ಪಕ್ಷದವರು, ಪೊಲೀಸರ ಕಿರುಕುಳಕ್ಕೆ ಎದುರಾಗಿ, ಬಂದೂಕು ಹಿಡಿದೇ ಕ್ಯಾಲಿಫೋರ್ನಿಯಾದ ಶಾಸನಸಭೆಗೆ ನಡೆದರು. ತುಂಬಿದ ಬಂದೂಕನ್ನು ಬೀದಿಯಲ್ಲಿ ಒಯ್ಯುವಂತಿಲ್ಲ ಎಂಬ ಮಸೂದೆ ಆಗ ಚರ್ಚೆಯಲ್ಲಿತ್ತು. ಅವರ ಮೆರವಣಿಗೆ ಅದನ್ನು ತಡೆಯಲಿಲ್ಲ, ಬೇಗ ಮಾಡಿತು. ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದರು. 2013ರಲ್ಲಿ ಬಂದೂಕು ಪ್ರಿಯರು ಸ್ಟಾರ್‌ಬಕ್ಸ್ ಕಾಫಿ ಅಂಗಡಿಗಳಲ್ಲಿ ಕೋವಿ ತೂಗುಹಾಕಿಕೊಂಡು ಸೇರತೊಡಗಿದಾಗಲೂ ಆದದ್ದು ಅದೇ. ದಯವಿಟ್ಟು ತರಬೇಡಿ ಎಂದು ಕಂಪನಿಯೇ ಬಹಿರಂಗ ಪತ್ರ ಬರೆಯಿತು.

ಹಾಗೆಂದು ವಿನಯವೂ ಎಲ್ಲರನ್ನೂ ಕಾಯಲಿಲ್ಲ. 2016ರ ಜುಲೈನಲ್ಲಿ ಮಿನೆಸೋಟದಲ್ಲಿ ಕಾರು ತಡೆದ ಪೊಲೀಸನಿಗೆ, ನನ್ನ ಹತ್ತಿರ ಬಂದೂಕಿದೆ ಎಂದು ತಾನಾಗಿಯೇ ಹೇಳಿದ ಫಿಲ್ಯಾಂಡೊ ಕ್ಯಾಸ್ಟೀಲ್‌ನನ್ನು ಆ ಪೊಲೀಸ್ ಗುಂಡಿಕ್ಕಿ ಕೊಂದ. ಕ್ಯಾಸ್ಟೀಲ್‌ಗೆ ಲೈಸೆನ್ಸ್ ಇತ್ತು. ಆತ ಕಪ್ಪು ಮನುಷ್ಯ. ಮರುವರ್ಷ ಪೊಲೀಸ್ ಖುಲಾಸೆಯಾದ. ಮಾತು ಫಲಿಸಬೇಕಾದರೆ ಕೇಳುವವನ ಮನಸ್ಸಿನಲ್ಲಿ ಮೊದಲೇ ತೀರ್ಮಾನ ಕೂತಿರಬಾರದು. ಈ ಒಂದು ಅಂಶ ಮಿನೆಸೋಟದಿಂದ ಮೀಣ್ಯಂವರೆಗೂ ನಿಜ.

ಬೀದಿಗಿಳಿದರೆ

ನಮ್ಮಲ್ಲಿ ಸಂವಿಧಾನದ 19ನೇ ವಿಧಿಯೇ ಗೆರೆ ಎಳೆದಿದೆ. ಸೇರುವ ಹಕ್ಕು ಉಂಟು, ಶಾಂತಿಯಿಂದ ಮತ್ತು ಆಯುಧವಿಲ್ಲದೆ. ಕೋವಿಯ ಹಕ್ಕಿಗಾಗಿ ಕೂಗುವವನು ಕೋವಿಯನ್ನು ಮನೆಯಲ್ಲಿ ಬಿಟ್ಟೇ ಬರಬೇಕು.

ಅದರಿಂದ ನಷ್ಟವೇನಿಲ್ಲ. ಈ ಜಿಲ್ಲೆಗೆ ಧರಣಿಯ ಪಾಠ ಹೇಳಿಕೊಡಬೇಕಾಗಿಲ್ಲ. 1980ರಲ್ಲಿ ಹುಟ್ಟಿದ ರೈತ ಸಂಘಕ್ಕೆ ಇಲ್ಲಿ ಗಟ್ಟಿ ಬೇರುಗಳಿವೆ. ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಕನಸು ಕಂಡ ಕೃಷಿ ಕೇಂದ್ರ ಅಮೃತಭೂಮಿ ಇರುವುದು ಚಾಮರಾಜನಗರ ಹತ್ತಿರದ ಹೊಂಡರಬಾಳುವಿನಲ್ಲೇ. ಹಸಿರು ಶಾಲು ಹೊದ್ದ ನೂರು ಜನ ಕಚೇರಿ ಗೇಟಿನ ಮುಂದೆ ಕೂತರೆ ಒಳಗಿರುವ ಕಡತಕ್ಕೆ ಕಾಲು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಹತ್ತು ಬೇಡಿಕೆಗಳ ಪಟ್ಟಿಯಲ್ಲಿ ಕೋವಿ ಕೊನೆಗೆ ಬರುತ್ತದೆ, ಪರಿಹಾರ, ಕರೆಂಟು, ಬೆಂಬಲ ಬೆಲೆ ಮುಂದಿರುತ್ತವೆ. ನ್ಯಾಯವೇ.

ಬೀದಿಯ ಸಿಟ್ಟು ಕೈಮೀರಿದರೆ ಏನಾಗುತ್ತದೆ ಎಂಬುದನ್ನೂ ಹನೂರು ನೋಡಿದೆ. 2024ರ ಏಪ್ರಿಲ್ 26ರಂದು ಮಹದೇಶ್ವರ ಬೆಟ್ಟದ ಬಳಿಯ ಇಂಡಿಗನತ್ತದಲ್ಲಿ ಮೂಲಸೌಕರ್ಯವಿಲ್ಲವೆಂದು ಜನ ಮತದಾನ ಬಹಿಷ್ಕರಿಸಿದ್ದರು. ಅಧಿಕಾರಿಗಳು ಮನವೊಲಿಸಲು ಹೋದಾಗ ಮಾತಿಗೆ ಮಾತು ಬೆಳೆದು ಮತಗಟ್ಟೆಯೇ ಧ್ವಂಸವಾಯಿತು. 29ಕ್ಕೆ ಮರುಮತದಾನ. ಬಂಧನದ ಭಯಕ್ಕೆ ಅನೇಕರು ಊರು ಬಿಟ್ಟರು. ರಸ್ತೆ, ನೀರು ಕೇಳಿದವರು ಕೋರ್ಟು, ಜಾಮೀನು ಎಂದು ಅಲೆಯುವಂತಾಯಿತು. ಅಂಥದೊಂದು ಗಲಾಟೆಯಲ್ಲಿ ಹೆಸರು ಬಂದವನ ಲೈಸೆನ್ಸ್ ಮುಂದಿನ ಪರಿಶೀಲನೆಯಲ್ಲಿ ಉಳಿಯುವುದು ಕಷ್ಟ. ‘ಗಲಭೆಯ ಹಿನ್ನೆಲೆ’ ಎಂಬ ಕಾಲಂ ತುಂಬಲು ಅಷ್ಟೇ ಸಾಕು.

ಕೂತು ಮಾತಾಡಿದರೆ

ಹಾಗಾದರೆ ಮಾತೇ ಸರಿಯೇ? ಬರೀ ಮಾತಿನ ಮೇಲೆ ನನಗೆ ಅಷ್ಟೊಂದು ಭರವಸೆ ಇಲ್ಲ. ‘ನೋಡೋಣಪ್ಪ’ ಎಂಬ ಒಂದು ಪದದಲ್ಲಿ ಎಷ್ಟೋ ಮಾತುಕತೆಗಳು ಮುಗಿದಿವೆ. ಈ ಸೀಮೆಯಲ್ಲಿ ಫಲ ಕೊಟ್ಟ ಮಾತುಕತೆಗಳೆಲ್ಲ ಕಾಗದದಲ್ಲಿ ಕೊನೆಗೊಂಡವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ವನ್ಯಜೀವಿಧಾಮದ ಕಾಲದಿಂದ ಅರಣ್ಯ ಇಲಾಖೆಯೊಡನೆ ಹೋರಾಡಿದವರು. ಸಂಘ ಕಟ್ಟಿದರು, ಸಭೆ ಮಾಡಿದರು, ಬೇಕಾದಾಗ ಧರಣಿಯನ್ನೂ ಕೂತರು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಪೋಡು ಪೋಡಿನ (ಸೋಲಿಗರ ಹಾಡಿಗಳ) ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ, ನಕ್ಷೆ ಹಾಕಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕುಪತ್ರ ಪಡೆದರು. ಆ ಪತ್ರ ಕೈಯಲ್ಲಿದ್ದವನ ಜೊತೆ ಗಾರ್ಡ್ ಮಾತಾಡುವ ಧಾಟಿಯೇ ಬೇರೆ. ಸದಾಶಿವ ಸಮಿತಿ ಮುಂದೆ ಹೇಳಿಕೆ ಕೊಟ್ಟವರಿಗೂ ಸಿಕ್ಕಿದ್ದು ಬರೆದಿಟ್ಟ ಮಾತಿನ ಬಲವೇ.

ಕೋವಿಯ ವಿಷಯದಲ್ಲೂ ಕೇಳಬೇಕಾದದ್ದು ದೊಡ್ಡದಲ್ಲ. ನೀತಿ ಸಂಹಿತೆ ಬರುವ ಮೊದಲೇ ಬೆಳೆ ರಕ್ಷಣೆ ಲೈಸೆನ್ಸಿನವರ ಪಟ್ಟಿ ಬೇರೆ ಮಾಡಿ ಎಂದು ಜಿಲ್ಲಾಧಿಕಾರಿಗೆ ಗ್ರಾಮ ಪಂಚಾಯಿತಿಯ ನಿರ್ಣಯ ಕೊಡಬಹುದು. ಪರಿಶೀಲನಾ ಸಮಿತಿ ನನ್ನ ಹೆಸರಿನ ಮೇಲೆ ಏನು ಬರೆದಿದೆ ಎಂದು ಒಬ್ಬೊಬ್ಬರೂ ಲಿಖಿತವಾಗಿ ಕೇಳಬಹುದು. ಬಹಳ ದಿನ ಇಡಬೇಕಾಗಿ ಬಂದರೆ ಠಾಣೆಯ ಬದಲು ಪರವಾನಗಿ ಇರುವ ಬಂದೂಕು ವ್ಯಾಪಾರಿಯ ಬಳಿ ಠೇವಣಿ ಇಡಲು ಬಿಡಿ ಎನ್ನಬಹುದು, ಕಾಯ್ದೆಯಲ್ಲಿ ಅದಕ್ಕೆ ಜಾಗವಿದೆ. ಅಲ್ಲಿ ಎಣ್ಣೆಯಾದರೂ ಹಾಕುತ್ತಾರೆ. ಠಾಣೆಯ ಕೋಣೆಯಲ್ಲಿ ಮೂರು ತಿಂಗಳು ಒರಗಿದ ನಳಿಗೆಗೆ ತುಕ್ಕು ಹಿಡಿದರೆ ಯಾರನ್ನು ಕೇಳುವುದು?

ಪೊಲೀಸರ ಕಡೆಯಿಂದಲೂ ಒಂದು ಹೆಜ್ಜೆ ಬೇಕು. ಮತದಾನ ಮುಗಿದ ಮೇಲೆ ಎಣಿಕೆಗೆ 39 ದಿನ ಇದ್ದ 2024ರಂಥ ಚುನಾವಣೆಯಲ್ಲಿ, ಹಿನ್ನೆಲೆ ಸ್ವಚ್ಛವಾಗಿರುವ ಕಾಡಂಚಿನ ರೈತರ ಬಂದೂಕನ್ನು ಅಷ್ಟು ದಿನ ಇಟ್ಟುಕೊಳ್ಳುವ ಅಗತ್ಯವೇನು ಎಂದು ಸಮಿತಿ ಒಮ್ಮೆ ಕೂತು ಯೋಚಿಸಬಹುದು. ಇಟ್ಟುಕೊಳ್ಳುವುದೇ ಆದರೆ ಆ ದಿನಗಳಲ್ಲಿ ಅರಣ್ಯ ಇಲಾಖೆಯ ರಾತ್ರಿ ಗಸ್ತು ಯಾವ ಯಾವ ಊರಿಗೆ ಬರುತ್ತದೆ, ಕರೆ ಮಾಡಬೇಕಾದ ನಂಬರು ಯಾವುದು ಎಂಬುದನ್ನು ಅದೇ ರಸೀತಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಬಹುದು.

ಈ ಸೀಮೆಯ ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ. ಸಂಹಿತೆ ಜಾರಿಯಾದ ದಿನ ಅರ್ಜಿ ಹಿಡಿದು ಓಡಿದರೆ ಸಮಿತಿಗೆ ಓದಲು ಪುರುಸೊತ್ತಿರುವುದಿಲ್ಲ. ಅರ್ಜಿ ಹೋಗಬೇಕಾದದ್ದು ಅದಕ್ಕೂ ಹಿಂದಿನ ಸುಗ್ಗಿಯಲ್ಲಿ, ಹಂದಿ ತಿಂದ ಹೊಲದ ಮಹಜರು ವರದಿಯ ಜೆರಾಕ್ಸ್ ಲಗತ್ತಿಸಿ.